ಮಗ ಎಲ್ಲಿ ಮಲಗಿದ್ದಾನೆ?

ಸಂಜೆ ಆರಕ್ಕೆ ಬರುತ್ತೇನೆ ಅಂತ ಹೇಳಿ ಹೋದ ಮಗ ಎಂಟು ಗಂಟೆಯಾದರೂ ಬಾರದಿದ್ದರೆ ನಿಮಗೆ ಕೈಕೆಲಸ ಓಡುತ್ತದೆಯೇ? ಒಲೆಯ ಮೇಲೆ ಸಾರು ಕುದಿಯುತ್ತಿರುತ್ತದೆ, ಕಿವಿ ಮಾತ್ರ ಬಾಗಿಲ ಕಡೆಗೇ. ಬೀದಿಯಲ್ಲಿ ಯಾರದೋ ಸೈಕಲ್ ಸದ್ದಾದರೂ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನೋಡುತ್ತೀರಿ. ಎರಡೇ ಗಂಟೆಯ ಸಂಕಟ ಅದು. ಅದೇ ಸಂಕಟ ವರ್ಷಗಟ್ಟಲೆ ಎಳೆದರೆ? ಮಗ ಇದ್ದಾನೋ ಇಲ್ಲವೋ, ಇಲ್ಲವಾದರೆ ಎಲ್ಲಿ ಮಣ್ಣಾದ, ಇದು ಯಾವುದೂ ಗೊತ್ತಾಗದೆಯೇ ಆ ತಾಯಿ ಕಣ್ಣು ಮುಚ್ಚಿದರೆ?

ಕ್ಯಾರಿ ಎಂಬ ಹೆಣ್ಣುಮಗಳ ಪಾಲಿಗೆ ಬಂದದ್ದು ಇದೇ. ಆಕೆ ಅನಾಮಧೇಯಳೇನಲ್ಲ. ನಿಮ್ಮ ಮಕ್ಕಳು ಮೌಗ್ಲಿಯ ಕಥೆ ಕೇಳಿರುತ್ತಾರೆ, ಕಾಡಿನಲ್ಲಿ ತೋಳಗಳ ಜೊತೆ ಬೆಳೆದ ಹುಡುಗನ ಕಥೆ. ಅದನ್ನು ಬರೆದ ರಡ್ಯರ್ಡ್ ಕಿಪ್ಲಿಂಗನ ಹೆಂಡತಿ ಆಕೆ. ಕಿಪ್ಲಿಂಗ್ ಹುಟ್ಟಿದ್ದು ನಮ್ಮ ಮುಂಬಯಿಯಲ್ಲೇ, 1865ರಲ್ಲಿ. ಕ್ಯಾರಿ ಅಮೆರಿಕದವಳು. ಇಂಡಿಯಾದವರಿಗೆ ಸ್ವರಾಜ್ಯ ತಕ್ಕದ್ದಲ್ಲ ಎಂದು ನಂಬಿದ್ದ ಮನುಷ್ಯ ಕಿಪ್ಲಿಂಗ್. ಅವನ ಆ ಮಾತುಗಳನ್ನು ನಾನೂ ಮೆಚ್ಚುವವಳಲ್ಲ. ಆದರೆ ಈಗ ಹೇಳಹೊರಟಿರುವುದು ಅವನ ರಾಜಕೀಯದ ಸಂಗತಿಯಲ್ಲ, ಅವನ ಮನೆಯೊಳಗಿನ ಸಂಗತಿ.

ಕನ್ನಡಕದ ಹುಡುಗ

ಆ ಮನೆಗೆ ಮೂರು ಮಕ್ಕಳು. ಹಿರಿಯವಳು ಜೋಸೆಫೀನ್, ಅಪ್ಪನ ಮುದ್ದಿನ ಮಗಳು. 1899ರಲ್ಲಿ ಎಲ್ಲರೂ ಅಮೆರಿಕಕ್ಕೆ ಹೋಗಿದ್ದಾಗ ತಂದೆ ಮಗಳು ಇಬ್ಬರಿಗೂ ನ್ಯುಮೋನಿಯ ಬಂತು. ತಂದೆ ಉಳಿದ, ಆರು ವರ್ಷದ ಮಗಳು ಹೋಗಿಬಿಟ್ಟಳು. ಗಂಡ ಸಾವು ಬದುಕಿನ ನಡುವೆ ಇದ್ದಾಗ ಅವನಿಗೆ ಆ ಸುದ್ದಿ ತಿಳಿಸದೆ, ಕ್ಯಾರಿ ಒಬ್ಬಳೇ ಅದನ್ನು ಎದೆಯಲ್ಲಿಟ್ಟುಕೊಂಡು ಅವನ ಶುಶ್ರೂಷೆ ಮಾಡಿದಳು. ಉಳಿದವರು ಎಲ್ಸಿ ಮತ್ತು ಜಾನ್. ಜಾನ್ ಕಡೆಯವನು, 1897ರ ಆಗಸ್ಟ್ 17ರಂದು ಹುಟ್ಟಿದವನು, ಇದ್ದೊಬ್ಬ ಗಂಡುಮಗ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಬರ್ವಾಶ್ ಎಂಬ ಹಳ್ಳಿಯ ಹಳೆಯ ಕಲ್ಲುಮನೆಯಲ್ಲಿ ಅಕ್ಕ ತಮ್ಮ ಬೆಳೆದರು.

ಜಾನನಿಗೆ ತಂದೆಯಂತೆಯೇ ಕಣ್ಣಿನ ದೋಷ. ಕನ್ನಡಕವಿಲ್ಲದಿದ್ದರೆ ನಾಲ್ಕು ಮಾರು ದೂರದ್ದೂ ಮಂಜು ಮಂಜು. ನೌಕಾಪಡೆಗೆ ಸೇರಿಸಬೇಕೆಂಬ ತಂದೆಯ ಆಸೆ ಆ ಕಣ್ಣಿನಿಂದಾಗಿ ನೆರವೇರಲಿಲ್ಲ. 1914ರ ಆಗಸ್ಟಿನಲ್ಲಿ ಮೊದಲನೆಯ ಮಹಾಯುದ್ಧ ಶುರುವಾದಾಗ ಹುಡುಗ ಸೈನ್ಯಕ್ಕೆ ಅರ್ಜಿ ಹಾಕಿದ. ವೈದ್ಯರು ಕಣ್ಣು ನೋಡಿ ಆಗುವುದಿಲ್ಲ ಅಂದುಬಿಟ್ಟರು.

ಅಲ್ಲಿಗೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಊರೂರಿಗೆ ಹೋಗಿ "ಗಂಡುಮಕ್ಕಳನ್ನು ಯುದ್ಧಕ್ಕೆ ಕಳಿಸಿ" ಎಂದು ಭಾಷಣ ಮಾಡುತ್ತಿದ್ದ ತಂದೆಗೆ ತನ್ನ ಮಗ ಮನೆಯಲ್ಲಿ ಕೂತಿರುವುದು ಹೇಗೆ ಸಹಿಸೀತು? ಲಾರ್ಡ್ ರಾಬರ್ಟ್ಸ್ ಎಂಬ ವೃದ್ಧ ಸೇನಾಪತಿ ಅವನ ಹಳೆಯ ಪರಿಚಯ. ಕಾನ್ಪುರದಲ್ಲಿ ಹುಟ್ಟಿ, ಒಂದು ಕಾಲಕ್ಕೆ ಇಂಡಿಯಾ ಸೈನ್ಯದ ಮುಖ್ಯಸ್ಥನಾಗಿದ್ದವನು ಈತ. ಐರಿಷ್ ಗಾರ್ಡ್ಸ್ ಎಂಬ ಪಲ್ಟನ್ನು ಅವನ ಹೆಸರಿನಲ್ಲಿತ್ತು. ಕಿಪ್ಲಿಂಗ್ ಒಂದು ಮಾತು ಹೇಳಿದ, ರಾಬರ್ಟ್ಸ್ ಒಂದು ಕಾಗದ ಬರೆದ, ವೈದ್ಯರ ಅಭ್ಯಂತರವೆಲ್ಲ ಕರಗಿಹೋಯಿತು. ಹದಿನೇಳು ತುಂಬುತ್ತಿದ್ದ ಹಾಗೆಯೇ ಜಾನ್ ಐರಿಷ್ ಗಾರ್ಡ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಆದ. ಅಧಿಕಾರಿಗಳಲ್ಲೆಲ್ಲ ಕೆಳಗಿನ ಮೆಟ್ಟಿಲು ಅದು. ಸಮವಸ್ತ್ರದ ಮೇಲೆ ಒಂದೇ ನಕ್ಷತ್ರ. ಈ ನಕ್ಷತ್ರದ ಲೆಕ್ಕ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಸಂಗತಿ. ಶಿಫಾರಸು ಮಾಡಿದ ಆ ರಾಬರ್ಟ್ಸ್ ತನ್ನ ಮಗನನ್ನು 1899ರಲ್ಲಿ ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಕಳೆದುಕೊಂಡಿದ್ದವನು. ಆ ದುಃಖ ಉಂಡವನೇ ಇನ್ನೊಬ್ಬರ ಮಗನಿಗೆ ದಾರಿ ಮಾಡಿಕೊಟ್ಟ! ಗಂಡಸರ ಈ ಲೆಕ್ಕಾಚಾರ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ರಾಬರ್ಟ್ಸ್ ಕೂಡ ಹೆಚ್ಚು ದಿನ ಉಳಿಯಲಿಲ್ಲ. 1914ರ ನವೆಂಬರಿನಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳನ್ನು ನೋಡಲು ಹೋದವನು ನ್ಯುಮೋನಿಯದಿಂದ ಅಲ್ಲೇ ತೀರಿಕೊಂಡ.

ಒಂದು ವರ್ಷ ತರಬೇತಿ. 1915ರ ಆಗಸ್ಟಿನಲ್ಲಿ ಹೊರಡುವ ಆಜ್ಞೆ ಬಂತು. ಹದಿನೆಂಟರ ಹುಡುಗನನ್ನು ರಣರಂಗಕ್ಕೆ ಕಳಿಸಲು ತಂದೆಯ ಒಪ್ಪಿಗೆ ಬೇಕಿತ್ತು, ತಂದೆ ಕೊಟ್ಟ. ಮಗ ಹೊರಟ ದಿನ ಕಿಪ್ಲಿಂಗ್ ಮನೆಯಲ್ಲಿರಲಿಲ್ಲ, ಪತ್ರಿಕೆಗೆ ಬರೆಯುವ ಕೆಲಸದ ಮೇಲೆ ಫ್ರಾನ್ಸಿಗೆ ಹೋಗಿದ್ದ. ಕಳಿಸಿಕೊಟ್ಟವಳು ತಾಯಿ. ಮೆಟ್ಟಿಲ ಮೇಲೆ ತಿರುಗಿ ನಿಂತು, ಅಪ್ಪನಿಗೆ ನನ್ನ ಪ್ರೀತಿ ತಿಳಿಸು ಅಂತ ಹೇಳಿ ಹೋದ ಎಂದು ಆಕೆ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ಎಷ್ಟು ಚೆಂದಾಗಿ, ಎಷ್ಟು ನೆಟ್ಟಗೆ, ಎಷ್ಟು ಚಿಕ್ಕವನಾಗಿ ಕಂಡ ಎಂದೂ ಬರೆದಿದ್ದಾಳೆ.

ಫ್ರಾನ್ಸಿನಿಂದ ಅವನು ಬರೆದ ಕಾಗದಗಳು ಉಳಿದಿವೆ. ಹಾಸ್ಟೆಲ್ಲಿಗೆ ಹೋದ ಹುಡುಗರು ಬರೆಯುವುದಿಲ್ಲವೇ, ಅದು ಕಳಿಸಿ, ಇದು ಕಳಿಸಿ ಅಂತ? ಹಾಗೆಯೇ. ಸೆಪ್ಟೆಂಬರಿನ ಒಂದು ಕಾಗದದಲ್ಲಿ ಗುರುತಿನ ಬಿಲ್ಲೆಯೊಂದನ್ನು ಕಳಿಸಿ ಎಂದು ಕೇಳಿದ್ದಾನೆ. ಸೈನಿಕ ಕತ್ತಿಗೆ ಹಾಕಿಕೊಳ್ಳುವ, ಹೆಸರು ಕೊರೆದ ಬಿಲ್ಲೆ ಅದು. ಇದ್ದದ್ದನ್ನು ಎಲ್ಲೋ ಕಳೆದುಕೊಂಡಿದ್ದ. ಒಂದು ಅಲ್ಯೂಮಿನಿಯಂ ಬಿಲ್ಲೆ, ಒಂದು ದಾರ, ಅಷ್ಟೇ ಸಾಕು ಅಂತ.

"ಗಾಯಗೊಂಡು ಕಾಣೆ"

ಸೆಪ್ಟೆಂಬರ್ 25ರಂದು ಉತ್ತರ ಫ್ರಾನ್ಸಿನ ಲೂಸ್ ಎಂಬ ಗಣಿಗಳ ಊರಿನ ಸುತ್ತ ದೊಡ್ಡ ಕದನ ಆರಂಭವಾಯಿತು. ಅದೇ ದಿನ ಅಲ್ಲಿಂದ ಉತ್ತರಕ್ಕೆ ನಮ್ಮ ಮೀರತ್ ಡಿವಿಷನ್ನಿನ ಗೂರ್ಖಾ, ಗಢವಾಲಿ ಮುಂತಾದ ಸಿಪಾಯಿಗಳನ್ನೂ ಶತ್ರುವಿನ ಗಮನ ಸೆಳೆಯಲೆಂದು ಮುಂದಕ್ಕೆ ಬಿಟ್ಟಿದ್ದರು. ಜಾನನ ಪಲ್ಟನ್ನಿನ ಸರದಿ ಬಂದದ್ದು 27ರ ಮಧ್ಯಾಹ್ನ. ಸುಣ್ಣಕಲ್ಲಿನ ಗಣಿಯ ಪಕ್ಕದ ಒಂದು ಚಿಕ್ಕ ತೋಪು, ಅದರಾಚೆ ಕಲ್ಲಿದ್ದಲ ಗಣಿಯ ಕಟ್ಟಡಗಳು, ಅಲ್ಲೆಲ್ಲ ಜರ್ಮನರ ಮೆಷಿನ್ ಗನ್ನುಗಳು. ತೋಪನ್ನು ಹಿಡಿದು ಇನ್ನೂ ಮುಂದೆ ಹೋದವರಲ್ಲಿ ಜಾನ್ ಒಬ್ಬ. ಸಂಜೆ ಎಣಿಸಿದಾಗ ಅವನಿರಲಿಲ್ಲ. ಹದಿನೆಂಟು ತುಂಬಿ ಆರು ವಾರವಾಗಿತ್ತು ಅಷ್ಟೆ.

ಅಕ್ಟೋಬರ್ 2ರಂದು ಮನೆಗೆ ತಂತಿ ಬಂತು. ಮಗ ಗಾಯಗೊಂಡಿದ್ದಾನೆ, ಕಾಣೆಯಾಗಿದ್ದಾನೆ.

ಈ ಎರಡು ಮಾತಿನಲ್ಲಿರುವ ಕ್ರೌರ್ಯ ನೋಡಿ. ಸತ್ತ ಎಂದರೆ ಅತ್ತು ಹಗುರಾಗಬಹುದು. ನಮ್ಮಲ್ಲಾದರೆ ಹತ್ತನೆಯ ದಿನ, ಹದಿಮೂರನೆಯ ದಿನ ಅಂತ ಇರುತ್ತದೆ. ನಾಲ್ಕು ಜನ ಬಂದು ಹೋಗುತ್ತಾರೆ, ಕಣ್ಣೀರಿಗೂ ಒಂದು ಲೆಕ್ಕ, ಒಂದು ಕೊನೆ ಸಿಗುತ್ತದೆ. ಕಾಣೆ ಎಂದವನಿಗೆ ಏನು ಮಾಡುತ್ತೀರಿ? ಗಾಯಗೊಂಡವನನ್ನು ಜರ್ಮನರು ಎತ್ತಿಕೊಂಡು ಹೋಗಿರಬಹುದು, ಅವರ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿರಬಹುದು, ಸೆರೆಯಲ್ಲಿರಬಹುದು. ಅಂಥವು ನಡೆದೂ ಇದ್ದವು. ಆದ್ದರಿಂದಲೇ ಆಸೆ ಬಿಡುವ ಹಾಗಿಲ್ಲ.

ಹುಡುಕಾಟ ಶುರುವಾಯಿತು. ಆ ಕಾಲಕ್ಕೆ ಬ್ರಿಟಿಷ್ ರೆಡ್ ಕ್ರಾಸಿನವರು ಗಾಯಾಳುಗಳನ್ನೂ ಕಾಣೆಯಾದವರನ್ನೂ ವಿಚಾರಿಸುವುದಕ್ಕೇ ಒಂದು ವಿಭಾಗ ತೆರೆದಿದ್ದರು. ಮುಂದೆ ಇರಾಕ್ ದೇಶದ ರಚನೆಯಲ್ಲಿ ಹೆಸರು ಮಾಡಿದ ಗರ್ಟ್ರೂಡ್ ಬೆಲ್ ಎಂಬ ವಿದ್ವಾಂಸೆ ಅದರ ಕಚೇರಿಯಲ್ಲಿ ಕೂತು ಕಡತಗಳನ್ನು ಅಚ್ಚುಕಟ್ಟು ಮಾಡಿದವಳು. ಕೆಲಸದ ರೀತಿ ಹೀಗೆ: ಮನೆಯವರಿಂದ ಬಂದ ಹೆಸರುಗಳನ್ನೆಲ್ಲ ಪಲ್ಟನ್ನುವಾರು ಜೋಡಿಸಿ ಪಟ್ಟಿ ಅಚ್ಚು ಹಾಕಿಸುವುದು. ಸ್ವಯಂಸೇವಕರು ಆ ಪಟ್ಟಿ ಹಿಡಿದು ಆಸ್ಪತ್ರೆಗಳಿಗೆ ಹೋಗಿ, ಒಬ್ಬೊಬ್ಬ ಗಾಯಾಳುವಿನ ಮಂಚದ ಪಕ್ಕ ಕೂತು ಕೇಳುವುದು. "ನಿನ್ನ ಕಂಪೆನಿಯ ಇಂಥವನನ್ನು ಕಡೆಯ ಸಲ ಎಲ್ಲಿ ನೋಡಿದೆ? ಅವನು ಹೇಗಿದ್ದ, ಎತ್ತರವೋ ಗಿಡ್ಡವೋ?" ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಮನೆಯವರಿಗೆ ತಿಳಿಸುವುದು. ಜಿನೀವಾದ ಅಂತಾರಾಷ್ಟ್ರೀಯ ರೆಡ್ ಕ್ರಾಸಿನವರು ಎರಡೂ ಕಡೆಯ ಸೆರೆಯಾಳುಗಳ ಹೆಸರನ್ನು ಲಕ್ಷಗಟ್ಟಲೆ ಕಾರ್ಡುಗಳಲ್ಲಿ ಬರೆದು ಅಕಾರಾದಿಯಾಗಿ ಇಡುತ್ತಿದ್ದರು. ಅಲ್ಲಿ ಹೆಸರು ಸಿಕ್ಕಿದರೆ ಹುಡುಗ ಬದುಕಿದ್ದಾನೆ ಅಂತ ಅರ್ಥ.

ಸಾಮಾನ್ಯರ ಮನೆಗೆ ಇಷ್ಟೇ ದಾರಿ. ಕಿಪ್ಲಿಂಗನ ಹೆಸರು ದೊಡ್ಡದು, ಅವನಿಗೆ ಇನ್ನೂ ಬಾಗಿಲುಗಳಿದ್ದವು. ಯಾವ ಪಕ್ಷಕ್ಕೂ ಸೇರದಿದ್ದ ಸ್ವೀಡನ್ನಿನ ಯುವರಾಣಿಯ ಮೂಲಕ ಜರ್ಮನಿಯಲ್ಲಿ ವಿಚಾರಿಸಿದರು, ಅಮೆರಿಕದ ರಾಯಭಾರಿಯ ಮೂಲಕವೂ ಪ್ರಯತ್ನ ಮಾಡಿದರು. ಜಗತ್ಪ್ರಸಿದ್ಧ ಲೇಖಕನ ಮಗನ ಸುದ್ದಿ ಬಲ್ಲವರು ತಿಳಿಸಬೇಕೆಂದು ಜರ್ಮನ್ ಭಾಷೆಯಲ್ಲಿ ಚೀಟಿ ಅಚ್ಚು ಹಾಕಿಸಿ ವಿಮಾನದಿಂದ ಶತ್ರುವಿನ ಕಂದಕಗಳ ಮೇಲೆ ಉದುರಿಸಿದ್ದೂ ಆಯಿತು. ಯಾವುದರಿಂದಲೂ ಉತ್ತರವಿಲ್ಲ.

ಗಂಡ ಹೆಂಡತಿ ತಾವೇ ಆಸ್ಪತ್ರೆಗಳಿಗೆ ಹೋದರು. ಐರಿಷ್ ಗಾರ್ಡ್ಸ್‌ನ ಗಾಯಾಳು ಯಾವ ಊರಿಗೆ ಬಂದಿದ್ದಾನೆ ಎಂದು ತಿಳಿದರೂ ಅಲ್ಲಿಗೆ ಕಾಗದ, ಇಲ್ಲವೇ ಪ್ರಯಾಣ. ಬಂದ ಉತ್ತರಗಳೋ ಒಂದಕ್ಕೊಂದು ತಾಳೆಯಾಗದವು. ಕುಂಟುತ್ತಿದ್ದುದನ್ನು ಕಂಡೆ ಎಂದನೊಬ್ಬ. ತಲೆಗೆ ಗುಂಡು ಬಿತ್ತು, ಗುಂಡಿಯೊಂದರಲ್ಲಿ ಮಲಗಿಸಿ ಬಂದೆವು ಎಂದನೊಬ್ಬ. ಅದೇ ದಾಳಿಯಲ್ಲಿ ಬಿದ್ದ ಇನ್ನೊಬ್ಬ ಯುವ ಅಧಿಕಾರಿಯ ದೇಹ ಆಮೇಲೆ ಸಿಕ್ಕಿತು. ಜಾನನದು ಸಿಗಲಿಲ್ಲ. ಅವರೆಲ್ಲ ಸುಳ್ಳು ಹೇಳಿದರು ಅನ್ನಲಾಗದು. ಹೊಗೆ, ಗದ್ದಲ, ತನ್ನ ಜೀವದ ಭಯ, ಅದರ ನಡುವೆ ಕಂಡದ್ದನ್ನು ಎರಡು ತಿಂಗಳ ಮೇಲೆ ಆಸ್ಪತ್ರೆಯಲ್ಲಿ ನೆನೆದು ಹೇಳುವುದು. ಎದುರಿಗೆ ಕೂತಿರುವುದು ಆ ಹುಡುಗನ ತಾಯಿ. ಆ ಮುಖ ನೋಡಿ ಎಷ್ಟು ಜನ ಮಾತನ್ನು ಮೃದು ಮಾಡಿ ಹೇಳಿದರೋ ಯಾರು ಬಲ್ಲರು?

ನವೆಂಬರಿನ ಹೊತ್ತಿಗೇ ಕಿಪ್ಲಿಂಗ್ ತನ್ನ ಶಾಲೆಯ ಗೆಳೆಯನೊಬ್ಬನಿಗೆ, ಮಗ ಉಳಿದಿಲ್ಲವೆಂದೇ ಕಾಣುತ್ತದೆ ಎಂದು ಬರೆದ. ಕ್ಯಾರಿ ಮಾತ್ರ ಆಸೆಯ ಎಳೆ ಬಿಡಲಿಲ್ಲ. ಸೇನಾ ಕಚೇರಿಯವರು ಜಾನ್ ಸತ್ತನೆಂದು ದಾಖಲೆ ಮಾಡಿಕೊಳ್ಳಲು ಹೊರಟಾಗ, ನಮ್ಮ ವಿಚಾರಣೆ ಇನ್ನೂ ಮುಗಿದಿಲ್ಲ, ಸ್ವಲ್ಪ ತಡೆಯಿರಿ ಎಂದು ಈ ಮನೆಯಿಂದಲೇ ಕೇಳಿಕೊಂಡರು. ಹೊರಗೆ ಭಾಷಣ ಮಾಡುವ ಗಂಡಸು ಮನೆಯೊಳಗೆ ಹೆಂಡತಿಯ ಮುಖ ನೋಡಿ ನಡೆದುಕೊಂಡ ಅಂತ ನನಗೆ ತೋರುತ್ತದೆ. 1918ರಲ್ಲಿ ಯುದ್ಧ ಮುಗಿಯಿತು, ಸೆರೆಯಾಳುಗಳು ಮನೆಗೆ ಬಂದರು. ಅವರಲ್ಲಿ ಜಾನ್ ಇರಲಿಲ್ಲ. 1919ರಲ್ಲಿ, ನಾಲ್ಕು ವರ್ಷದ ಮೇಲೆ, ಇನ್ನು ಅವನಿಲ್ಲವೆಂದೇ ತಿಳಿಯಬೇಕೆಂದು ತಂದೆ ಸೇನಾ ಕಚೇರಿಗೆ ಬರೆದುಕೊಟ್ಟ.

ಗೆಳೆಯ ಮುಚ್ಚಿಟ್ಟ ಮಾತು

ಇಲ್ಲಿ ಒಂದು ಸಂಗತಿಯಿದೆ, ನೀವೇ ತೀರ್ಪು ಹೇಳಿ. ಕಿಪ್ಲಿಂಗನ ಆಪ್ತ ಸ್ನೇಹಿತ ರೈಡರ್ ಹ್ಯಾಗರ್ಡ್. ಅವನೂ ಹೆಸರಾಂತ ಕಾದಂಬರಿಕಾರ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಅವರವರ ಬರವಣಿಗೆ ಮಾಡುವಷ್ಟು ಸಲಿಗೆ. ಹ್ಯಾಗರ್ಡನೂ ಜಾನನಿಗಾಗಿ ವಿಚಾರಿಸುತ್ತಿದ್ದ. 1915ರ ಡಿಸೆಂಬರಿನಲ್ಲಿ ಐರಿಷ್ ಗಾರ್ಡ್ಸ್‌ನ ಒಬ್ಬ ಸಿಪಾಯಿ ಅವನಿಗೆ ಸಿಕ್ಕಿದ. ಆ ದಿನ ತೋಪಿನ ಹತ್ತಿರ ಒಬ್ಬ ಯುವ ಅಧಿಕಾರಿಯನ್ನು ಕಂಡೆ, ಗುಂಡಿನ ಚೂರು ತಗಲಿ ಬಾಯಿ ಛಿದ್ರವಾಗಿತ್ತು, ಅದಕ್ಕೆ ತಾನೇ ಪಟ್ಟಿ ಕಟ್ಟಿಕೊಳ್ಳಲು ಒದ್ದಾಡುತ್ತಿದ್ದ, ನೋವು ತಾಳಲಾರದೆ ಅಳುತ್ತಿದ್ದ, ಸಹಾಯ ಮಾಡೋಣವೆಂದರೆ ಅವನಿಗೆ ಅವಮಾನವಾದೀತೆಂದು ಮುಂದೆ ಹೋದೆ. ಇದು ಅವನು ಹೇಳಿದ್ದು.

ಹ್ಯಾಗರ್ಡ್ ಇದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ. ಗೆಳೆಯನಿಗೆ ಹೇಳಲಿಲ್ಲ. ಹ್ಯಾಗರ್ಡನೂ ಪುತ್ರಶೋಕ ಕಂಡವನು. ಒಬ್ಬನೇ ಮಗ ಒಂಬತ್ತು ವರ್ಷದವನಾಗಿದ್ದಾಗ ದಡಾರ ಬಂದು ಹೋಗಿದ್ದ, ಆಗ ತಂದೆ ದೂರದ ಮೆಕ್ಸಿಕೋದಲ್ಲಿದ್ದ. ಸುದ್ದಿ ಹೇಗೆ ಎದೆಗೆ ನಾಟುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಮಗ ಅಳುತ್ತಿದ್ದ ಎಂಬ ಮಾತನ್ನು ಆ ತಂದೆತಾಯಿಯ ಕಿವಿಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಆ ದಿನಚರಿ ಅಚ್ಚಾಗಿ ಹೊರಬಂದಾಗ ತಂದೆ, ತಾಯಿ, ಅಕ್ಕ, ಸ್ವತಃ ಹ್ಯಾಗರ್ಡ್, ಯಾರೂ ಬದುಕಿರಲಿಲ್ಲ.

ನೀವಾಗಿದ್ದರೆ ಹೇಳುತ್ತಿದ್ದಿರಾ? ಮುಚ್ಚಿಟ್ಟದ್ದು ದಯೆ ಅಂತ ಮೇಲುನೋಟಕ್ಕೆ ಅನ್ನಿಸುತ್ತದೆ. ನನಗೂ ಮೊದಲು ಹಾಗೆಯೇ ಅನ್ನಿಸಿತ್ತು. ಆದರೆ ಕ್ಯಾರಿಯ ಕಡೆಯಿಂದ ಯೋಚಿಸಿ. ಒಂದೊಂದು ಮಾತಿಗಾಗಿ ಊರೂರು ಅಲೆದವಳು ಆಕೆ. ಆ ಸಿಪಾಯಿ ನೋಡಿದ್ದು ಜಾನನನ್ನೇ ಆಗಿದ್ದರೆ ಅದು ಅವಳಿಗೆ ಸೇರಬೇಕಾದ ಸುದ್ದಿ. ಎಂಥ ಕಹಿಯಾದರೂ ಅವಳದು. ಜ್ವರದಲ್ಲಿ ನರಳುವ ಮಗುವಿನ ಪಕ್ಕ ರಾತ್ರಿಯೆಲ್ಲ ಕೂರುವವರು ನಾವೇ ಅಲ್ಲವೇ? ಅಳುವ ಮಗನನ್ನು ನೋಡಲಾರಳು ಎಂದು ತಾಯಿಯ ಪರವಾಗಿ ಬೇರೆಯವರು ತೀರ್ಮಾನ ಮಾಡುವುದು ನನಗೆ ಒಪ್ಪಿಗೆಯಾಗದು. ನಿಮ್ಮಲ್ಲಿ ಕೆಲವರು ಇದಕ್ಕೆ ತಲೆಯಾಡಿಸಲಿಕ್ಕಿಲ್ಲ, ಅದೂ ಸರಿಯೇ.

ಕಿಪ್ಲಿಂಗ್ ದುಃಖವನ್ನು ಕೆಲಸದಲ್ಲಿ ಹೂತ. 1917ರಲ್ಲಿ ಯುದ್ಧ ಸಮಾಧಿಗಳ ಆಯೋಗದ ಸದಸ್ಯನಾಗಿ, ಹೆಸರು ತಿಳಿಯದ ಸೈನಿಕನ ಗೋರಿಕಲ್ಲಿನ ಮೇಲೆ ಏನು ಬರೆಯಬೇಕು ಎಂಬುದನ್ನು ನಿರ್ಧರಿಸಿದವನು ಅವನೇ. ಈತ ಯಾರೆಂದು ದೇವರಿಗೆ ಗೊತ್ತು ಎಂಬ ಅರ್ಥದ ಮಾತು ಅದು. ಆ ಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಕಡೆ ಸತ್ತವರಲ್ಲಿ 5 ಲಕ್ಷಕ್ಕೂ ಹೆಚ್ಚು ಜನರ ಗೋರಿ ಎಲ್ಲಿದೆಯೆಂದು ತಿಳಿಯದು. ನಮ್ಮವರೂ ಅದರಲ್ಲಿ ಸೇರಿದ್ದಾರೆ. ಫ್ರಾನ್ಸಿನ ನ್ಯೂವ್ ಶಾಪೆಲ್ ಎಂಬಲ್ಲಿ ಅಂಥ 4,700ಕ್ಕೂ ಹೆಚ್ಚು ಭಾರತೀಯರ ಹೆಸರು ಕೆತ್ತಿದ ಸ್ಮಾರಕವಿದೆ. 1927ರ ಅಕ್ಟೋಬರಿನಲ್ಲಿ ಅದನ್ನು ಅನಾವರಣ ಮಾಡಿದಾಗ ಕಿಪ್ಲಿಂಗ್ ಅಲ್ಲಿದ್ದ. ಗಢವಾಲದ, ಪಂಜಾಬಿನ ಆ ತಾಯಂದಿರಿಗೆ ಸ್ವೀಡನ್ನಿನ ಯುವರಾಣಿಯ ಪರಿಚಯ ಎಲ್ಲಿಂದ ಬರಬೇಕು? ಅವರು ಯಾರನ್ನು ಕೇಳಿದರು, ಅವರ ಕಾಗದ ಬರೆದುಕೊಟ್ಟವರು ಯಾರು, ಅದನ್ನು ಯಾರೂ ಬರೆದಿಟ್ಟಿಲ್ಲ.

ಮಗನ ಪಲ್ಟನ್ನಿನ ಇತಿಹಾಸವನ್ನೂ ಕಿಪ್ಲಿಂಗ್ ಬರೆದ, ಎರಡು ದೊಡ್ಡ ಸಂಪುಟ. ವರ್ಷಗಟ್ಟಲೆ ಸಿಪಾಯಿಗಳನ್ನು ಮನೆಗೆ ಕರೆಸಿ ಮಾತನಾಡಿಸಿ ಬರೆದದ್ದು, 1923ರಲ್ಲಿ ಹೊರಬಂತು. ಅದರಲ್ಲಿ ಮಗನ ವಿಷಯ ಒಂದೇ ಒಂದು ಸಾಲಿನ ತುಂಡು: ಸೆಕೆಂಡ್ ಲೆಫ್ಟಿನೆಂಟ್ ಕಿಪ್ಲಿಂಗ್ ಗಾಯಗೊಂಡು ಕಾಣೆಯಾದ ಅಂತ. ಅಪ್ಪ ಬರೆದ ಸಾಲು ಎಂದು ಯಾರಿಗೂ ತಿಳಿಯದು.

ಮರೆಯಬಾರದ ಇನ್ನೊಂದು ಮಾತು. ಹ್ಯಾಮೊನೋ ಎಂಬ ಫ್ರೆಂಚ್ ಸೈನಿಕನ ಎದೆಗೆ ಬಂದ ಗುಂಡು ಅವನ ಜೇಬಿನಲ್ಲಿದ್ದ ಪುಸ್ತಕದಲ್ಲಿ ಸಿಕ್ಕಿಕೊಂಡು ಅವನು ಉಳಿದ. ಆ ಪುಸ್ತಕ ಕಿಪ್ಲಿಂಗನ 'ಕಿಮ್'. ಅವನಿಗೆ ಜಾನನ ಸುದ್ದಿ ತಿಳಿದಾಗ, ತೂತಾದ ಪುಸ್ತಕವನ್ನೂ ತನ್ನ ಶೌರ್ಯಪದಕವನ್ನೂ ಕಿಪ್ಲಿಂಗನಿಗೆ ಕಳಿಸಿಕೊಟ್ಟ. ಮುಂದೆ ತನಗೊಬ್ಬ ಮಗ ಹುಟ್ಟಿದಾಗ ಅವನಿಗೆ ಝಾನ್ ಅಂತ ಹೆಸರಿಟ್ಟ, ಫ್ರೆಂಚರ ಬಾಯಲ್ಲಿ ಅದು ಜಾನ್. ಕಿಪ್ಲಿಂಗ್ ಎರಡನ್ನೂ ಆ ಕೂಸಿಗೆ ಹಿಂದಿರುಗಿಸಿದ.

ಜಿ ಎಂದು ಬರೆದದ್ದು, ಎಚ್ ಆಗಬೇಕಾದದ್ದು

ಯುದ್ಧ ಮುಗಿದ ಮೇಲೆ ಸೈನಿಕರ ತಂಡಗಳು ಲೂಸ್ ಸುತ್ತಿನ ಹೊಲಗಳನ್ನೆಲ್ಲ ಚೌಕ ಚೌಕವಾಗಿ ಭಾಗ ಮಾಡಿಕೊಂಡು, ಸಾಲಾಗಿ ನಡೆದು ಹೆಣಗಳನ್ನು ಹುಡುಕಿದವು. ಸಿಕ್ಕಿದವರನ್ನು ತೆಗೆದು ಹತ್ತಿರದ ಸ್ಮಶಾನದಲ್ಲಿ ಸಮಾಧಿ ಮಾಡುವುದು, ಸಿಕ್ಕಿದ ಜಾಗದ ನಕ್ಷೆಯ ಗುರುತು ಬರೆದಿಡುವುದು. 1915ರಲ್ಲಿ ಬ್ರಿಟಿಷ್ ಸೈನಿಕನ ಕತ್ತಿನಲ್ಲಿ ಇರುತ್ತಿದ್ದುದು ಒಂದೇ ಬಿಲ್ಲೆ. ಸತ್ತ ಸುದ್ದಿ ತಿಳಿಸಲು ಅದನ್ನು ತೆಗೆದುಕೊಂಡು ಹೋದರೆ ದೇಹಕ್ಕೆ ಹೆಸರೇ ಇಲ್ಲ. ಎರಡನೆಯ ಬಿಲ್ಲೆ ಕೊಡುವ ಪದ್ಧತಿ ಬಂದದ್ದು 1916ರಲ್ಲಿ. ಹೀಗಾಗಿ ಗುಂಡಿ, ಬ್ಯಾಡ್ಜು, ಬೂಟು ನೋಡಿಯೇ ಇವನು ಯಾವ ಪಲ್ಟನ್ನಿನವನು ಎಂದು ಊಹಿಸಬೇಕು. ಐರಿಷ್ ಗಾರ್ಡ್ಸ್‌ನವರ ಕೋಟಿನ ಗುಂಡಿಗಳು ನಾಲ್ಕು ನಾಲ್ಕರ ಗುಂಪಾಗಿರುತ್ತವೆ, ಆ ಗುರುತೂ ಇದೆ.

1919ರಲ್ಲಿ ಹೀಗೆ ಸಿಕ್ಕಿದವರಲ್ಲಿ ಐರಿಷ್ ಗಾರ್ಡ್ಸ್‌ನ ಒಬ್ಬ ಅಧಿಕಾರಿ ಇದ್ದ. ಸಮವಸ್ತ್ರದ ಮೇಲೆ ಎರಡು ನಕ್ಷತ್ರ, ಅಂದರೆ ಲೆಫ್ಟಿನೆಂಟ್. ಕತ್ತಿನಲ್ಲಿ ಬಿಲ್ಲೆಯಿಲ್ಲ. ಊರಿನ ಹೊರಗಿನ ಸೇಂಟ್ ಮೇರೀಸ್ ಸ್ಮಶಾನದಲ್ಲಿ ಹೂಳಿ, ಐರಿಷ್ ಗಾರ್ಡ್ಸ್‌ನ ಒಬ್ಬ ಲೆಫ್ಟಿನೆಂಟ್, ಹೆಸರು ತಿಳಿಯದು ಎಂದು ಕಲ್ಲು ನೆಟ್ಟರು. ಕಲ್ಲಿನ ಮೇಲೆ ಕಿಪ್ಲಿಂಗ್ ಆರಿಸಿದ ಅದೇ ಮಾತು.

1920ರಲ್ಲಿ ಗಂಡ ಹೆಂಡತಿ ಆ ಸುಣ್ಣಗಣಿಯ ತೋಪಿನ ಹತ್ತಿರ ಹೋಗಿ ನಿಂತು ಬಂದರು. ಆ ಸ್ಮಶಾನ ಅಲ್ಲಿಂದ ಬಹಳ ದೂರವೇನಿಲ್ಲ. 1930ರ ಆಗಸ್ಟ್ 4ರಂದು ಲೂಸ್ ಸ್ಮಾರಕದ ಅನಾವರಣವಾಯಿತು, ಗೋರಿ ಸಿಗದ 20,000ಕ್ಕೂ ಹೆಚ್ಚು ಜನರ ಹೆಸರು ಅದರ ಗೋಡೆಗಳ ಮೇಲೆ. ಕಿಪ್ಲಿಂಗ್ ಹೋಗಿದ್ದ. ಮಗನ ಹೆಸರು ಗೋಡೆಯ ಮೇಲಿತ್ತು. ವರ್ಷಗಟ್ಟಲೆ ಹೊಟ್ಟೆನೋವಿನಿಂದ ನರಳಿದ ಅವನು 1936ರ ಜನವರಿಯಲ್ಲಿ ತೀರಿಕೊಂಡ. ಕ್ಯಾರಿ 1939ರ ಡಿಸೆಂಬರಿನಲ್ಲಿ ಹೋದಳು, ಇನ್ನೊಂದು ಮಹಾಯುದ್ಧ ಆಗಲೇ ಶುರುವಾಗಿತ್ತು. ಅಕ್ಕ ಎಲ್ಸಿಗೆ ಮಕ್ಕಳಿರಲಿಲ್ಲ, ಅವಳು 1976ರವರೆಗೆ ಇದ್ದಳು. ಅಲ್ಲಿಗೆ ಆ ಮನೆತನ ಮುಗಿಯಿತು.

ಹುಡುಕಾಟ ಮುಗಿಯಲಿಲ್ಲ. 1992ರಲ್ಲಿ ಸಮಾಧಿ ಆಯೋಗದ ಕಚೇರಿಯಲ್ಲಿ ಹಳೆಯ ಕಡತ ನೋಡುತ್ತಿದ್ದವರಿಗೆ ಈ ಹೆಸರಿಲ್ಲದ ಲೆಫ್ಟಿನೆಂಟನ ಮೇಲೆ ಕಣ್ಣು ಬಿತ್ತು. ಆ ಭಾಗದಲ್ಲಿ ಕಾಣೆಯಾದ ಐರಿಷ್ ಗಾರ್ಡ್ಸ್ ಲೆಫ್ಟಿನೆಂಟರು ಯಾರು ಯಾರು ಎಂದು ಒಬ್ಬೊಬ್ಬರನ್ನೇ ಬಿಡುತ್ತಾ ಬಂದರೆ ಉಳಿಯುವುದು ಜಾನ್ ಒಬ್ಬನೇ. ತೊಡಕು ಒಂದೇ. ಆ ದೇಹ ಸಿಕ್ಕಿತೆಂದು ನಕ್ಷೆಯ ಗುರುತಿನಲ್ಲಿ ಬರೆದ ಜಾಗ ಜಾನ್ ಕಾಣೆಯಾದ ತೋಪಿನಿಂದ ಮೂರು ಮೈಲಿಗೂ ಆಚೆ. ಅಲ್ಲಿ ಜಿ ಚೌಕ ಎಂದು ಬರೆದಿದೆ. ಅದು ಕೈತಪ್ಪು, ಪಕ್ಕದ ಎಚ್ ಚೌಕ ಎಂದಿರಬೇಕು ಎಂದು ಅವರು ಹೇಳಿದರು. ನಕ್ಷೆಯಲ್ಲಿ ಒಂದೊಂದು ಅಕ್ಷರದ ಚೌಕ 6,000 ಗಜ. ಎಚ್ ಎಂದು ಓದಿದರೆ ಅದೇ ತೋಪಿನ ಪಕ್ಕಕ್ಕೆ ಬರುತ್ತದೆ. ಕಲ್ಲಿನ ಮೇಲೆ ಜಾನ್ ಕಿಪ್ಲಿಂಗ್ ಎಂದು ಹೆಸರು ಕೆತ್ತಿಸಿದರು.

ಎಲ್ಲರೂ ಒಪ್ಪಲಿಲ್ಲ. ಟೋನಿ ಮತ್ತು ವಾಲ್ಮೈ ಹೋಲ್ಟ್ ಎಂಬ ದಂಪತಿಗಳು 1998ರಲ್ಲಿ ಒಂದು ಪುಸ್ತಕವನ್ನೇ ಬರೆದರು, ಹೆಸರಿನ ಕೊನೆಯಲ್ಲೇ ಪ್ರಶ್ನಾರ್ಥಕ ಚಿಹ್ನೆ. ಅವರ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಜಾನ್ ಸೆಕೆಂಡ್ ಲೆಫ್ಟಿನೆಂಟ್, ಒಂದು ನಕ್ಷತ್ರದವನು. ಸ್ವತಃ ಅಪ್ಪನೇ ಹಾಗೆ ಬರೆದಿದ್ದಾನಲ್ಲ! ಅವನಿಗೆ ಬಡ್ತಿಯಾದ ವಿಷಯ ಸರ್ಕಾರಿ ಗೆಜೆಟ್ಟಿನಲ್ಲಿ ಪ್ರಕಟವಾದದ್ದು ನವೆಂಬರಿನಲ್ಲಿ, ಸತ್ತ ಮೇಲೆ. ಬದುಕಿದ್ದಾಗ ಎರಡನೆಯ ನಕ್ಷತ್ರ ಹಾಕಿಕೊಳ್ಳಲು ಹೇಗೆ ಸಾಧ್ಯ? ಮೇಲಾಗಿ ಅಕ್ಷರ ತಪ್ಪು ಎನ್ನುವುದಕ್ಕೆ ಆಧಾರವೇನು?

ಇದಕ್ಕೆ ಉತ್ತರ ಬಂದದ್ದು 2016ರಲ್ಲಿ. ಗ್ರಹಾಂ ಪಾರ್ಕರ್, ಜೊವಾನ್ನಾ ಲೆಗ್ ಎಂಬ ಇಬ್ಬರು ಸಂಶೋಧಕರು ಆ ದಿನದ ಶವಶೋಧನೆಯ ಹಾಳೆಗಳನ್ನು ಸಾಲು ಸಾಲಾಗಿ ಓದಿದರು. ಮನೆಯ ಲೆಕ್ಕದಲ್ಲಿ ಎಲ್ಲೋ ಹತ್ತು ರೂಪಾಯಿ ತಾಳೆಯಾಗದಿದ್ದಾಗ ನಾವು ಹಿಂದಿನ ಮುಂದಿನ ದಿನದ ಬರಹ ನೋಡುತ್ತೇವಲ್ಲ, ಹಾಗೆ. ಈ ಒಬ್ಬನ ಹಿಂದೆ ಮುಂದೆ ಅದೇ ತಂಡ ಯಾರನ್ನು ಎಲ್ಲಿಂದ ತೆಗೆದಿತ್ತು ಎಂದು ಹೋಲಿಸಿ, ಜಿ ಎನ್ನುವುದು ಬರೆದವನ ತಪ್ಪೇ ಎಂದು ತೋರಿಸಿದರು. ನಕ್ಷತ್ರದ ಗಂಟೂ ಬಿಚ್ಚಿತು. ಬಡ್ತಿ 1915ರ ಜೂನ್ 7ರಿಂದಲೇ ಅನ್ವಯವಾಗುವಂಥದು. ಗೆಜೆಟ್ಟಿಗೆ ಕಾಯದೆ ಪಲ್ಟನ್ನಿನಲ್ಲೇ ನಕ್ಷತ್ರ ಏರಿಸಿಕೊಳ್ಳುವ ವಾಡಿಕೆ ಗಾರ್ಡ್ಸ್ ಅಧಿಕಾರಿಗಳಲ್ಲಿತ್ತು. ಬಿಲ್ಲೆ ಯಾಕಿಲ್ಲ ಎಂಬುದಕ್ಕೆ ಹುಡುಗನ ಕಾಗದವೇ ಸಾಕ್ಷಿ, ಕಳೆದುಕೊಂಡಿದ್ದೇನೆ ಎಂದು ಅವನೇ ಬರೆದಿದ್ದ. ಸಮಾಧಿ ಆಯೋಗ ತನ್ನ ಗುರುತನ್ನು ಹಾಗೆಯೇ ಉಳಿಸಿಕೊಂಡಿತು.

ನಿಮ್ಮ ಮನೆತನದಲ್ಲಿಯೂ ಯುದ್ಧಕ್ಕೆ ಹೋಗಿ ಬಾರದೇ ಉಳಿದ ಹಿರಿಯರೊಬ್ಬರ ಕಥೆ ಇರಬಹುದು. ನಮ್ಮ ಮೈಸೂರು ಲ್ಯಾನ್ಸರ್ಸ್‌ನವರು ಅದೇ ಯುದ್ಧದಲ್ಲಿ ಪ್ಯಾಲೆಸ್ಟೈನಿನವರೆಗೆ ಹೋಗಿದ್ದರು. ಆ ಸಮಾಧಿ ಆಯೋಗದ ದಾಖಲೆಯಲ್ಲಿ ಭಾರತೀಯರ ಹೆಸರುಗಳೂ ಇವೆ, ಜಿನೀವಾದ ಆ ಸೆರೆಯಾಳು ಕಾರ್ಡುಗಳೂ ಇವೆ, ಈಗ ಎರಡನ್ನೂ ಇಂಟರ್‌ನೆಟ್ಟಿನಲ್ಲಿ ದುಡ್ಡು ಕೊಡದೆ ನೋಡಬಹುದು. ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಕೂರಿಸಿಕೊಂಡು ಹುಡುಕಿಸಿ. ಹೆಸರು, ಪಲ್ಟನ್ನು, ನಂಬರು, ಊರು ತಿಳಿದಷ್ಟೂ ಬರೆದಿಟ್ಟುಕೊಳ್ಳಿ. ಹೆಸರಿನ ಸ್ಪೆಲ್ಲಿಂಗ್ ನಾಲ್ಕಾರು ರೀತಿ ಬದಲಿಸಿ ನೋಡುವುದು ಒಳ್ಳೆಯದು, ಇಂಗ್ಲಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದವರು. ಟ್ರಂಕಿನ ತಳದಲ್ಲಿರುವ ಹಳೆಯ ಕಾಗದ, ಪೆನ್ಷನ್ ಪುಸ್ತಕ, ಪದಕ ಏನಿದ್ದರೂ ಗುಜರಿಯವನಿಗೆ ಹಾಕಬೇಡಿ. ಪದಕದ ಅಂಚಿನಲ್ಲಿ ಹೆಸರು, ನಂಬರು ಕೆತ್ತಿರುವುದುಂಟು.

ಜಾನನ ಗೋರಿ ಸೇಂಟ್ ಮೇರೀಸ್ ಸ್ಮಶಾನದ ಏಳನೆಯ ಭಾಗದಲ್ಲಿದೆ, ಡಿ ಸಾಲಿನ ಎರಡನೆಯದು. ಬಿಳಿಯ ಕಲ್ಲು, ಸುತ್ತ ಹೂಗಿಡ. ಆ ಸ್ಮಶಾನದ ಕಲ್ಲುಗಳಲ್ಲಿ ಬಹುಪಾಲು ಇನ್ನೂ ಹೆಸರಿಲ್ಲದವು.